ಬೀರುವಿನಲ್ಲಿದ್ದ ಪಾಸ್‌ಪೋರ್ಟ್

ಶುಕ್ರವಾರ ಮಧ್ಯಾಹ್ನ, ಗಲ್ಫಿನ ಅಲ್ ಗರಾಫಾದ ನಮ್ಮ ಫ್ಲ್ಯಾಟಿನಲ್ಲಿ ಊಟ ಮುಗಿಸಿ ಕೂತಿದ್ದೆ. ಅಮೆರಿಕನ್ ಸಿಲಬಸ್ಸಿನ ಶಾಲೆಯಲ್ಲಿ ಎಂಟನೇ ಕ್ಲಾಸು ಓದುವ ಮಗಳು ಭಾನುವಾರದ ಡಿಬೇಟಿಗೆ ತಯಾರಾಗುತ್ತಿದ್ದಳು. ಅಮೆರಿಕದಲ್ಲಿ ಗುಲಾಮರಾಗಿದ್ದವರು ಕಮ್ಮಾರಿಕೆ, ಬಡಗಿ ಕೆಲಸ ಕಲಿತು ಲಾಭ ಪಡೆದರು ಎಂದು ಮಕ್ಕಳಿಗೆ ಪಾಠ ಮಾಡಬಹುದೇ? ಅಲ್ಲಿ ಈ ಬಗ್ಗೆ ದೊಡ್ಡ ಜಗಳವೇ ನಡೆದಿದೆಯಂತೆ. ಚೀಟಿ ಎತ್ತಿದಾಗ ಮಗಳಿಗೆ 'ಮಾಡಬಹುದು' ಎನ್ನುವ ಪಕ್ಷ ಬಂದಿತ್ತು.

ನನಗೆ ಮೈಯೆಲ್ಲ ಉರಿಯಿತು. "ಕಟ್ಟಿಹಾಕಿ ದುಡಿಸಿದವರು ಗುರುಗಳೇನೇ? ಅವರಿಗೆ ದಕ್ಷಿಣೆ ಬೇರೆ ಕೊಡಬೇಕಿತ್ತಾ?" ಎಂದು ಕೂಗಾಡಿದೆ. ಟೀಚರಿಗೆ ಉದ್ದದ ಈಮೇಲ್ ಬರೆಯಲು ಕೂತೆ. ಇಂಥದ್ದರಲ್ಲಿ ನನ್ನ ಬಾಯಿ ಸದಾ ಮುಂದೆ.

ಮಗಳು ತಣ್ಣಗೆ ಹೇಳಿದಳು: "ಅಮ್ಮಾ, ಫಸ್ಟ್ ನನ್ನ ಎಕ್ಸಾಂಪಲ್ ಕೇಳು. ನಮ್ಮ ದೀದಿಗೆ ಬಿಸಿಬೇಳೆಬಾತ್ ಬರ್ತಿರ್ಲಿಲ್ಲ. ನೀನೇ ಟೀಚ್ ಮಾಡಿದ್ದು. ಅವ್ರಿಗೆ ಎಲ್ಲೂ ಹೋಗಕ್ಕಾಗಲ್ಲ, ಪಾಸ್‌ಪೋರ್ಟ್ ನಿನ್ನ ಹತ್ರ ಇದೆ. ಬಟ್ ಸ್ಕಿಲ್ ಸಿಕ್ತಲ್ಲ? ಸೇಮ್ ತಾನೆ?"

ದೀದಿ ಎಂದರೆ ನೇಪಾಳದಿಂದ ಬಂದು, ನಾಲ್ಕು ವರ್ಷದಿಂದ ನಮ್ಮಲ್ಲೇ ಇದ್ದು ಮನೆಕೆಲಸ ಮಾಡುವವಳು. ಬಂದ ದಿನವೇ ಅವಳ ಪಾಸ್‌ಪೋರ್ಟ್ ಇಸಿದುಕೊಂಡು ನನ್ನ ಬೀರುವಿನಲ್ಲಿ, ಒಡವೆ ಡಬ್ಬಿಯ ಕೆಳಗೆ ಇಟ್ಟಿದ್ದೆ. ಹಾಗೆ ಇಟ್ಟುಕೊಳ್ಳುವುದು ಇಲ್ಲಿ ಕಾನೂನಿಗೆ ವಿರುದ್ಧ. ಗೊತ್ತಿತ್ತು. "ಸೇಫಾಗಿರಲಿ ಅಂತ ಅಷ್ಟೇ" ಎಂದು ನನ್ನ ಗೆಳತಿಯರೂ ಇಟ್ಟುಕೊಂಡಿದ್ದರು.

ಬೆಚ್ಚಿಬಿದ್ದೆ. ಮಗಳು ಚುಚ್ಚಲು ಹೇಳಿದ್ದಲ್ಲ, ಮಾರ್ಕ್ಸಿಗೋಸ್ಕರ ಹೇಳಿದ್ದು. ಅದಕ್ಕೇ ಇನ್ನೂ ಹೆದರಿಕೆಯಾಯಿತು. ನನ್ನ ಎಲೆಯಲ್ಲೇ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಅಮೆರಿಕದವರ ಎಲೆ ನೋಡಿ ಮೂಗು ಮುರಿಯುತ್ತಿದ್ದೆ.

ಬೀರು ತೆಗೆದೆ. ಪಾಸ್‌ಪೋರ್ಟ್ ಹಿಡಿದು ಅಡುಗೆಮನೆಗೆ ಹೋಗಿ, ಪಾತ್ರೆ ತೊಳೆಯುತ್ತಿದ್ದವಳ ಮುಂದೆ ಚಾಚಿದೆ. "ತಗೋ, ಇದು ನಿನ್ನದು" ಎಂದೆ, ಹಿಂದಿಯಲ್ಲಿ. ಅವಳು ಥ್ಯಾಂಕ್ಸ್ ಹೇಳಲಿ ಎಂದು ಕಾದೆನಾ? ಕಾದೆ, ಸುಳ್ಳೇಕೆ ಹೇಳಲಿ.

ಅವಳ ಮುಖ ಬಿಳಿಚಿಕೊಂಡಿತು. ಒದ್ದೆ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಖಲಾಸಾ, ಮೇಡಂ? ಊರಿಗೆ ಕಳಿಸಿಬಿಡ್ತೀರಾ? ನಾನೇನು ತಪ್ಪು ಮಾಡಿದೆ?"

ನಾನು ಪಾಸ್‌ಪೋರ್ಟನ್ನು ಇನ್ನಷ್ಟು ಮುಂದಕ್ಕೆ ಚಾಚಿದೆ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನೀವೇ ಇಟ್ಕೊಳ್ಳಿ ಮೇಡಂ," ದೀದಿ ಅಳತೊಡಗಿದಳು, "ನಿಮ್ಮ ಹತ್ರಾನೇ ಇರ್ಲಿ."

ನಾಲ್ಕು ವರ್ಷದಲ್ಲಿ ಇದನ್ನೂ ನಾನೇ ಕಲಿಸಿದ್ದೆ.