ನೀಲಮ್ಮತ್ತಿಯ ಕುಂಬಳ ಬಳ್ಳಿ

ಸಂತೆಯಲ್ಲಿ ಯಾರಾದರೂ ಕುಂಬಳಕಾಯಿ ಹೋಳು ಮಾಡುತ್ತಿದ್ದರೆ ನಾನು ಈಗಲೂ ಒಂದು ಕ್ಷಣ ನಿಂತುಬಿಡುತ್ತೇನೆ. ಕತ್ತಿ ಒಳಗಿಳಿದಾಗ ಏಳುವ ಆ ಹಸಿ, ತಂಪು, ತುಸು ಮಣ್ಣು ಬೆರೆತ ವಾಸನೆ ಮೂಗಿಗೆ ತಾಗಿದ್ದೇ ತಡ, ರಾಯಚೂರಿನ ನಮ್ಮ ಹಳೆಯ ಹಿತ್ತಲು ಎದುರಿಗೆ ಬಂದು ನಿಲ್ಲುತ್ತದೆ. ಕಲ್ಲುಚಪ್ಪಡಿಯ ಮಾಳಿಗೆಯ ಪುಟ್ಟ ಬಾಡಿಗೆ ಮನೆ. ಹಿಂದೆ ಬಚ್ಚಲು, ಬಚ್ಚಲಿನ ಪಕ್ಕ ಬೂದಿಯ ತಿಪ್ಪೆ, ಅದರಾಚೆ ಎದೆಮಟ್ಟದ ಕಲ್ಲುಗೋಡೆ. ಗೋಡೆಯ ಆ ಕಡೆ ಹುಸೇನಬಿಯ ಮನೆ ಮತ್ತು ಅವಳ ಆಡುಗಳು. ಇವತ್ತು ಅಲ್ಲಿ ಹೋಗಿ ಹುಡುಕಿದರೆ ಒಂದು ಕಲ್ಲೂ ಸಿಗುವುದಿಲ್ಲ. ನಿಮಗೂ ಇಂಥದೊಂದು ಮನೆ ಇದ್ದಿರಬೇಕು. ಇಲ್ಲವಾದ ಮೇಲೆಯೇ ಅದರ ಮೂಲೆಮೂಲೆಯೂ ಸ್ಪಷ್ಟವಾಗಿ ಕಾಣತೊಡಗುವಂಥ ಮನೆ.

ಅಪ್ಪ ಹತ್ತಿ ಗಿರಣಿಯಲ್ಲಿ ಕೂಲಿ. ಸಂಜೆ ಹುಬ್ಬು, ರೆಪ್ಪೆಗಳಿಗೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡು ಮುದುಕನ ಹಾಗೆ ಮನೆಗೆ ಬರುತ್ತಿದ್ದ. ಊರು ದೇವದುರ್ಗ, ಅಜ್ಜಿ ಇನ್ನೂ ಅಲ್ಲೇ ಇದ್ದಳು. ಅಪ್ಪನ ತಂಗಿ ನೀಲಮ್ಮನನ್ನು ಮಾನ್ವಿಗೆ ಕೊಟ್ಟಿತ್ತು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ನಾನಿನ್ನೂ ಲಂಗ ಉಡುವ ಹುಡುಗಿ, ಅವಳ ಗಂಡ, ನಮ್ಮ ಮಾಮ, ಅತ್ತಿಯನ್ನು ಒಂದು ಟ್ರಂಕಿನ ಜೊತೆ ನಮ್ಮ ಬಾಗಿಲಿಗೆ ತಂದು ಬಿಟ್ಟ. “ಸ್ವಲ್ಪ ದಿನ ಇರ್ಲಿ” ಎಂದ. ಅವ್ವ ತಂದ ನೀರಿನ ತಂಬಿಗೆಯನ್ನು ಮುಟ್ಟದೆ ಮುಂದಿನ ಬಸ್ಸಿಗೇ ಹೊರಟುಹೋದ. ಲಗ್ನವಾಗಿ ವರ್ಷಗಳು ಕಳೆದರೂ ಅತ್ತಿಗೆ ಮಕ್ಕಳಾಗಿರಲಿಲ್ಲ. ನೀರಮಾನ್ವಿಯ ಯಲ್ಲಮ್ಮನಿಗೆ ಅವಳು ಹೊತ್ತ ಹರಕೆಗಳೆಲ್ಲ ಹಾಗೇ ಉಳಿದಿದ್ದವು.

ಸುಮ್ಮನೆ ಕೂತರೆ ತಲೆ ಕೆಡುತ್ತದೆಂದು ಅತ್ತಿ ಹಿತ್ತಲಿಗೆ ಇಳಿದಳು. ಮೊದಲು ಒಂದು ಮಲ್ಲಿಗೆ ಕಡ್ಡಿ ನೆಟ್ಟಳು. ನಮ್ಮ ಓಣಿಯ ಬಾವಿಯ ನೀರು ಸವಳು. ಅದನ್ನೇ ದಿನಾ ಹೊಯ್ದಳು. ಬುಡದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತು, ಚಿಗುರು ಕರ್ರಗಾಗಿ ಉದುರಿತು. ನಳದ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸೊಬ್ಬಳು, ಅತ್ತಿ ಅಲ್ಲೇ ಇದ್ದಾಳೆಂದು ಗೊತ್ತಿದ್ದೂ, “ಆಕಿ ಕೈಯಾಗ ಏನೂ ಹತ್ತಂಗಿಲ್ಲ ಬಿಡ್ರಿ” ಎಂದಳು.

ಆ ಮಾತು ಕೇಳಿದ ದಿನದಿಂದ ಹಿತ್ತಲು ಅತ್ತಿಗೆ ಹೊತ್ತು ಕಳೆಯುವ ಜಾಗವಾಗಿ ಉಳಿಯಲಿಲ್ಲ. ಏನಾದರೊಂದು ಬೆಳೆದು ತೋರಿಸಲೇಬೇಕಿತ್ತು. ಟೊಮ್ಯಾಟೊ ಸಸಿ ತಂದಳು. ಬೇಗ ಬೆಳೆಯಲೆಂದು ಹಸಿ ಸಗಣಿಯನ್ನೇ ಬುಡಕ್ಕೆ ಒಟ್ಟಿದಳು, ಅದರ ಕಾವಿಗೆ ಬೇರು ಬೆಂದುಹೋಯಿತು. ಮೆಣಸಿನ ಗಿಡ ಹಚ್ಚಿದಳು. ಯಾರೋ ಕೊಟ್ಟ ಬಿಳಿ ಗೊಬ್ಬರವನ್ನು ಗಿಡಕ್ಕೊಂದು ಹಿಡಿ ಸುರಿದಳು. ಬೆಳಿಗ್ಗೆ ಎಲೆಗಳು ಜೋತುಬಿದ್ದಿದ್ದವು, ಸಂಜೆಯ ಹೊತ್ತಿಗೆ ಒಣಹುಲ್ಲು. ಪ್ರತಿಯೊಂದು ಗಿಡ ಸತ್ತಾಗಲೂ ಅತ್ತಿ ಇನ್ನಷ್ಟು ತೆಳ್ಳಗಾಗುತ್ತಿದ್ದಳು. ನಳದ ಸಿಹಿನೀರು ಕುಡಿಯುವುದಕ್ಕೇ ಸಾಲದ ಆ ದಿನಗಳಲ್ಲಿ ಅವಳು ತನ್ನ ಪಾಲಿನ ತಂಬಿಗೆಯನ್ನು ಕದ್ದು ಸಸಿಗೆ ಹೊಯ್ಯುವುದನ್ನು ಅವ್ವ ನೋಡಿದಳು. “ಸಾಕು ಬಿಡ ನೀಲಾ, ಜೀವಾ ಕಳಕೊಂತಿ” ಎಂದು ಅವಳ ಕೈಯಿಂದ ತಂಬಿಗೆ ಕಸಿದುಕೊಂಡಳು. ಅತ್ತಿ ಒಣತುಟಿಗಳನ್ನು ಸೆರಗಿನಿಂದ ಒರೆಸಿಕೊಂಡಳು.

ಮಳೆಗಾಲ ಶುರುವಾದಾಗ ಬಚ್ಚಲ ನೀರು ಹರಿಯುವಲ್ಲಿ, ಬೂದಿತಿಪ್ಪೆಯ ಅಂಚಿಗೆ, ಒಂದು ಕುಂಬಳದ ಸಸಿ ತಾನಾಗಿಯೇ ಎದ್ದಿತು. ಯಾರೂ ನೆಟ್ಟದ್ದಲ್ಲ. ಅತ್ತಿ ಅದನ್ನು ಮುಟ್ಟಲು ಹೆದರಿದಳು. ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು. ಅದೋ, ಯಾರ ಹಂಗೂ ಇಲ್ಲದಂತೆ ಹಬ್ಬಿತು. ಬಚ್ಚಲ ಮೇಲೇರಿ, ಗೋಡೆ ಹತ್ತಿ, ಒಂದು ಕುಡಿ ಹುಸೇನಬಿಯ ಅಂಗಳಕ್ಕೂ ಇಳಿಯಿತು. ಬೆಳಗಾದರೆ ಹಿತ್ತಲ ತುಂಬ ಅಂಗೈಯಗಲದ ಹಳದಿ ಹೂವು. ಕೆಲವು ಹೂವಿನ ಬುಡದಲ್ಲಿ ಗೋಲಿಯಂಥ ಮಿಡಿಗಾಯಿ. ಅತ್ತಿಯ ಮುಖದಲ್ಲಿ ನಗು ಕಂಡದ್ದು ಆಗಲೇ.

ಆದರೆ ಮಿಡಿ ನಿಲ್ಲಲಿಲ್ಲ. ಹಳದಿಯಾಗಿ, ಮೆತ್ತಗಾಗಿ, ಒಂದೊಂದೇ ಕಳಚಿ ಬಿದ್ದವು. ಹುಳ ಬಿದ್ದಿರಬೇಕೆಂದು ಅತ್ತಿ ಹತ್ತಿಬೆಳೆಗೆ ಹಾಕುವ ಔಷಧಿ ಪುಡಿ ತಂದು ಬಳ್ಳಿಗೆಲ್ಲ ಉದುರಿಸಿದಳು. ಮೊದಲಿಗಿಂತ ಹೆಚ್ಚು ಉದುರಿದವು. ಬಿದ್ದ ಮಿಡಿಗಳು ಓಣಿಯವರ ಕಣ್ಣಿಗೆ ಬೀಳದಂತೆ ಅವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು, ಉಡಿಯಲ್ಲಿ ಆಯ್ದುಕೊಂಡು, ಬೂದಿಯೊಳಗೆ ಹೂಳುತ್ತಿದ್ದಳು. ಅದನ್ನು ಹುಸೇನಬಿ ಗೋಡೆಯಾಚೆಯಿಂದ ಕಂಡಳು.

“ಏನು ಹುಗಿಯಾಕತ್ತೀ ಬೇಟಿ?”

ಅತ್ತಿಗೆ ಅಳು ಒತ್ತರಿಸಿ ಬಂತು. “ಒಂದೂ ನಿಲ್ಲವಲ್ವು ಖಾಲಾ. ನನ್ನ ಕೈಗುಣಾ.”

ಹುಸೇನಬಿ ಆಡು ಕಟ್ಟಿ, ಬಾಗಿಲಿನಿಂದ ಸುತ್ತಿ ನಮ್ಮ ಹಿತ್ತಲಿಗೆ ಬಂದಳು. ಎಲೆಯ ಮೇಲಿನ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ ಮುಖ ಕಿವಿಚಿದಳು. “ಈ ಜಹರ್ ಹಾಕಿದ್ರ ಜೇನು ಹೆಂಗ ಬರ್ತಾವು? ಬಾ, ನೋಡಿಲ್ಲಿ.” ಮಿಡಿಯಿಲ್ಲದ, ಉದ್ದ ತೊಟ್ಟಿನ ಹೂವೊಂದನ್ನು ಕಿತ್ತು ಎಸಳು ಹರಿದಳು. “ಇದು ಗಂಡು. ಇದರ ಪುಡಿ ಆ ಹೂವಿಗೆ ತಾಗಬೇಕು. ಜೇನು ಬರದಿದ್ರ ನಾವಾ ತಾಗಸಬೇಕು.” ಮಿಡಿಯಿದ್ದ ಹೂವಿನ ಒಳಗೆ ಅದನ್ನು ಮೆಲ್ಲಗೆ ಆಡಿಸಿದಳು.

ಅತ್ತಿ ಆ ಹೂವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು: “ಹಂಗಾದ್ರ ತಪ್ಪು ಕಾಯಿ ಹೂವಿಂದಲ್ಲೇನು?”

“ಅದೇನು ಮಾಡೀತು ಪಾಪ? ಬಾಯಿ ತೆರಕೊಂಡು ಕುಂತದ. ಬರೋದು ಬರಬೇಕಲ್ಲ.”

ಮಳೆ ಪುಡಿಯನ್ನು ತೊಳೆದುಕೊಂಡು ಹೋಯಿತು. ಅತ್ತಿ ದಿನಾ ಬೆಳಿಗ್ಗೆ ಹೂವಿನಿಂದ ಹೂವಿಗೆ ಓಡಾಡಿದಳು. ಈ ಸಲ ಮಿಡಿಗಳು ಹಸಿರಾಗಿಯೇ ಉಳಿದವು, ನಿಂಬೆಯಷ್ಟಾದವು, ತೆಂಗಿನಕಾಯಿಯಷ್ಟಾದವು. ಹಾಯುವವರೆಲ್ಲ ಇಣುಕಿ ನೋಡುವ ಹಾಗೆ ಗೋಡೆಯ ಮೇಲೆ ಕಾಯಿಗಳು ಕೂತವು. ದೇವದುರ್ಗದಿಂದ ಬಂದಿದ್ದ ಅಜ್ಜಿ ಮಗಳ ಈ ಕೆಲಸ ಕಂಡು ಏನಿದೆಂದು ಕೇಳಿದಳು. ಅತ್ತಿ ಸಡಗರದಿಂದ ವಿವರಿಸಿದರೆ, ಅಜ್ಜಿ “ಹೇಸಿ” ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಅಜ್ಜಿಯನ್ನು ಕರೆಸಿದ್ದು ಸುಮ್ಮನೆ ಅಲ್ಲ. ಎರಡು ದಿನ ಕಳೆದು ಮಾಮ ಮಾನ್ವಿಯಿಂದ ಹಿರಿಯರನ್ನು ಕರೆದುಕೊಂಡು ಬಂದ. ಚಾಪೆ ಹಾಸಿದ್ದಾಯಿತು, ಚಹಾ ಆಯಿತು. ಹಿರಿಯರಲ್ಲಿ ಒಬ್ಬರು ಒಳಬಾಗಿಲಲ್ಲಿ ನಿಂತ ಅತ್ತಿಗೆ ಮೆತ್ತಗೆ ಹೇಳಿದರು: “ನೋಡವ್ವಾ ನೀಲಮ್ಮ, ನಿನ್ನ ಮ್ಯಾಲ ಯಾರಿಗೂ ಸಿಟ್ಟಿಲ್ಲ. ಮನೀಗಿ ಒಂದು ಕೂಸು ಬೇಕು. ‘ನನ್ನಿಂದ ಆಗಂಗಿಲ್ಲ, ಅವರು ಇನ್ನೊಂದು ಲಗ್ನ ಆಗ್ಲಿ’ ಅಂತ ನಾಕು ಮಂದಿ ಮುಂದ ಒಂದು ಮಾತು ಅಂದುಬಿಡು. ನಾಳಿ ಕೋರ್ಟು ಕಚೇರಿ ಅಂತ ಆಗಬಾರದು.”

“ನನ್ನಿಂದ ಆಗಂಗಿಲ್ಲ ಅಂತ ಹೆಂಗ ಹೇಳ್ಲಿ ಯಪ್ಪಾ? ನನಗ ಗೊತ್ತಿಲ್ಲಲ್ಲ,” ಎಂದಳು ಅತ್ತಿ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಮುಂದುವರಿಸಿದಳು. “ದೊಡ್ಡ ದವಾಖಾನಿಗಿ ನಾನೂ ಬರ್ತೀನಿ, ಅವರೂ ಬರ್ಲಿ. ಇಬ್ಬರನ್ನೂ ನೋಡ್ಲಿ. ನಂದಾ ತಪ್ಪು ಅಂದ್ರ ನಾನಾ ಮುಂದ ನಿಂತು ಅವರ ಲಗ್ನಕ್ಕ ಅಕ್ಕಿಕಾಳು ಹಾಕ್ತೀನಿ.”

ಮಾಮನ ಮುಖ ಕಪ್ಪಿಟ್ಟಿತು. ಎದ್ದವನೇ ಚಪ್ಪಲಿ ಮೆಟ್ಟಿ ಓಣಿಗಿಳಿದ. ಹಿರಿಯರು ಅಪ್ಪನಿಗೆ, “ತಂಗೀನ್ನ ಛಲೋ ಬೆಳಸೀರಿ” ಎಂದು ಹಿಂದೆಯೇ ಹೋದರು. ಅಪ್ಪ ಬಾಗಿಲವರೆಗೆ ಕೈಮುಗಿಯುತ್ತ ಓಡಿದ. ಯಾರೂ ತಿರುಗಿ ನೋಡಲಿಲ್ಲ.

ಅಜ್ಜಿ ಮಗಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ ಬಳ್ಳಿಯ ಬುಡಕ್ಕೆ ಎರಡೂ ಕೈ ಹಾಕಿದಳು. “ನಿನಗ ಮಾತು ಕಲಿಸಿದ್ದು ಇದಾ ಅಲ್ಲೇನ? ಇದಾ ಅಲ್ಲೇನ?” ಎನ್ನುತ್ತ ಬೇರುಸಹಿತ ಕಿತ್ತಳು. ಬಚ್ಚಲ ಮೇಲಿನದನ್ನು ಎಳೆದಳು, ಗೋಡೆಯ ಮೇಲಿನದನ್ನು ಜಗ್ಗಿ ಹರಿದಳು. ಎಳೆಗಾಯಿಗಳು ನೆಲಕ್ಕೆ ಬಿದ್ದು ಒಡೆದವು. ಅಜ್ಜಿಯ ಅಂಗೈಗೆ ಮುಳ್ಳುಕೂದಲು ಚುಚ್ಚಿ ರಕ್ತ ಬಂದಿತ್ತು. ಕೊನೆಗೆ ಅಲ್ಲೇ ಕುಸಿದು, “ನಾ ಸತ್ರ ನಿನ್ನ ಯಾರು ನೋಡ್ತಾರ ನನ್ನವ್ವಾ” ಎಂದು ಹಣೆ ಚಚ್ಚಿಕೊಂಡಳು. ಅತ್ತಿ ತಡೆಯಲಿಲ್ಲ. ತಾಯಿಯ ಕೈ ತೊಳೆದು ಅರಿಷಿಣ ಹಚ್ಚಿದಳು. ಅವ್ವ ಆ ಎಳೆಗಾಯಿಗಳ ಪಲ್ಯ ಮಾಡಿದಳು.

ಬಳ್ಳಿ ಸತ್ತಿತೆಂದೇ ತಿಳಿದಿದ್ದೆವು. ಕೆಲವು ವಾರಗಳ ನಂತರ ಹುಸೇನಬಿ ಅತ್ತಿಯನ್ನು ಕರೆದಳು. ಅವಳ ಅಂಗಳಕ್ಕೆ ಇಳಿದಿದ್ದ ಕುಡಿ ಆಡಿನ ಹಿಕ್ಕೆಯ ಮಣ್ಣಿನಲ್ಲಿ ಗೆಣ್ಣಿನಿಂದ ಬೇರು ಬಿಟ್ಟುಕೊಂಡು, ಯಾರಿಗೂ ಹೇಳದೆ ಬದುಕಿತ್ತು. ಅದಕ್ಕೆ ದೊಡ್ಡ ದೊಡ್ಡ ಕಾಯಿಗಳಾದವು. ಓಣಿಯ ಮನೆಮನೆಗೂ ಅತ್ತಿಯೇ ಹೋಳು ಹಂಚಿದಳು, ನಳದ ಹತ್ತಿರ ಆ ಮಾತಾಡಿದವಳಿಗೂ. ಎಲ್ಲರೂ ಸಿಹಿ ಅಂದರು. ಅಷ್ಟು ಹೊತ್ತಿಗೆ ಮಾನ್ವಿಯಲ್ಲಿ ಮಾಮನ ಎರಡನೆಯ ಲಗ್ನ ಮುಗಿದುಹೋಗಿತ್ತು.

ಎಂಬತ್ತರ ದಶಕ ಬಂತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಗಂಟು ಹಿಡಿದು ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಮಾಮನ ಎರಡನೆಯ ಹೆಂಡತಿ, ತಾಯಮ್ಮ. ಅವಳಿಗೂ ಮಕ್ಕಳಾಗಿರಲಿಲ್ಲ. ಅವಳನ್ನೂ ಹೊರಗೆ ಹಾಕಿದ್ದ. ತವರಿನಲ್ಲಿ ಯಾರೂ ಇರಲಿಲ್ಲ. “ಅಕ್ಕಾ, ಎಲ್ಲಿ ಹೋಗಬೇಕು ತಿಳೀವಲ್ದು” ಎಂದಳು. ನೋಡು, ನಾನು ಹೇಳಿದ್ದೆ ಎಂದು ಅತ್ತಿ ಅನ್ನಬಹುದಿತ್ತು. ಅನ್ನಲಿಲ್ಲ. “ಉಂಡೀಯೇನು? ಒಳಗ ಬಾ” ಎಂದಳು.

ಆ ವರ್ಷ ಅಪ್ಪನ ಗಿರಣಿ ನಿಂತಿತು. ಇಷ್ಟು ಬಾಯಿಗಳಿಗೆ ರೊಟ್ಟಿ ಹೊಂದಿಸಲಾಗದೆ ಅಪ್ಪ ಒದ್ದಾಡುವುದನ್ನು ನೋಡಲಾರದೆ, ದೇವದುರ್ಗದ ಕಡೆಯವರು ಹೈದರಾಬಾದಿಗೆ ಮನೆ ಕಟ್ಟುವ ಕೆಲಸಕ್ಕೆ ಹೊರಟಾಗ ಅತ್ತಿ, ತಾಯಮ್ಮ ಇಬ್ಬರೂ ಅವರ ಜೊತೆ ಹೋದರು. ಬಸ್ ಸ್ಟ್ಯಾಂಡಿನಲ್ಲಿ ಅತ್ತಿ ನನ್ನ ಕೆನ್ನೆ ಸವರಿ, “ದೀಪಾವಳಿಗಿ ಬರ್ತೀವಿ” ಎಂದಳು.

ದೀಪಾವಳಿಗಿಂತ ಮೊದಲೇ ತಾಯಮ್ಮ ಒಬ್ಬಳೇ ಬಂದಳು. ಅತ್ತಿಗೆ ಜ್ವರವಂತೆ. ದವಾಖಾನೆಗೆ ಸೇರಿಸುವಷ್ಟರಲ್ಲಿ ಮೀರಿತ್ತಂತೆ. ಅಲ್ಲೇ ಮಣ್ಣು ಮಾಡಿದರಂತೆ. ಅಪ್ಪ ಗೋಡೆಗೆ ಮುಖ ಮಾಡಿ ನಿಂತ. ಆಗ ನಮ್ಮಲ್ಲಿಯೇ ಇದ್ದ ಅಜ್ಜಿಗೆ ಕಣ್ಣು ಮಂಜಾಗಿದ್ದವು. ತೆವಳಿಕೊಂಡು ಬಂದು ತಾಯಮ್ಮನ ಎದುರು ಕೂತಳು.

“ಕಡೀಗಿ ಏನರ ಅಂದ್ಲೇನು?”

“ಏನೂ ಅನ್ಲಿಲ್ಲ ಯವ್ವಾ. ನನ್ನ ಕೈ ಹಿಡಕೊಂಡಿದ್ಲು.”

“ಯಾವ ಕೈ?”

ತಾಯಮ್ಮ ಬಲಗೈ ಚಾಚಿದಳು. ಸಿಮೆಂಟಿಗೆ ಸುಲಿದ, ಬಿರುಕು ಬಿಟ್ಟ ಆ ಕೈಯನ್ನು ಅಜ್ಜಿ ತಡವಿ ಹುಡುಕಿ ಹಿಡಿದು, ತನ್ನ ಉಡಿಯಲ್ಲಿ ಇಟ್ಟುಕೊಂಡಳು. ಅವ್ವ ಊಟಕ್ಕೆ ಎಬ್ಬಿಸಿದರೂ ಬಿಡಲಿಲ್ಲ.