ಸೋಮವಾರದ ಎಡೆ

ನನ್ನ ಸಸ್ಪೆನ್ಸ್ ಕಾದಂಬರಿಯನ್ನು ದಾವಣಗೆರೆಯ ಪ್ರಕಾಶಕರು ಮೂರನೇ ಸಲ ವಾಪಸ್ ಕೊಟ್ಟರು. "ಎಲ್ಲಾ ಐತೆ, ಹೆದರಿಕೆ ಒಂದಿಲ್ರಿ" ಅಂದರು. ನಿಟ್ಟುವಳ್ಳಿಯ ಮನೆಯಲ್ಲಿ ಮಿಕ್ಸಿ, ಆಟೋ ಸದ್ದಿನ ನಡುವೆ ಹೆದರಿಕೆ ಎಲ್ಲಿಂದ ತರಲಿ? ಆ ಚಳಿಗಾಲ ಹರಿಹರದಲ್ಲಿ, ಹೊಳೆ ಹತ್ತಿರ ಒಂದು ಕೋಣೆ ಹಿಡಿದೆ. ಫೋನ್ ಆಫ್ ಮಾಡಿದೆ. ಬರೆದು ಮುಗಿಸದೆ ಮನೆಗೆ ಹೋಗುವುದಿಲ್ಲ ಅಂತ ಹಠ.

ಹದಿನೈದು ದಿನ ಒಂದು ಸಾಲೂ ಬರಲಿಲ್ಲ. ಬೆಳಗಾದರೆ ಕಿಟಕಿಯಾಚೆ ಬರೀ ಮಂಜು. ಮಾತಿಗೆ ಮನೆಯೊಡತಿ ಒಬ್ಬರೇ. ಆ ವರ್ಷವೇ ಗಂಡನನ್ನು ಕಳೆದುಕೊಂಡಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ನಡುಮನೆಯಲ್ಲಿ ಗಂಡನ ಫೋಟೋ ಮುಂದೆ ಎಡೆ ಇಟ್ಟು, ಹೊರಗೆ ಬಂದು ಬಾಗಿಲು ಮುಚ್ಚುತ್ತಿದ್ದರು. ಹೋದವರು ಬಂದು ಉಣ್ಣುವಾಗ ಯಾರೂ ನೋಡಬಾರದು. ಆದರೆ ನನ್ನ ಕೋಣೆಗೂ ನಡುಮನೆಗೂ ಮಧ್ಯೆ ಇನ್ನೊಂದು ಬಾಗಿಲಿತ್ತು, ಚಿಲಕ ನನ್ನ ಕಡೆ.

ಒಂದು ಸೋಮವಾರ ಹೋಳಿಗೆಯ ವಾಸನೆ ತಡೆಯಲಾಗಲಿಲ್ಲ. ಚಿಲಕ ತೆಗೆದು ಒಳಗೆ ಹೋಗಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಬಂದೆ. ಸ್ವಲ್ಪ ಹೊತ್ತಿಗೆ ಆಕೆಯ ಕೂಗು: "ಬಂದಿದ್ರು! ತಿಂದು ಹೋಗ್ಯಾರೆ, ಬಂದು ನೋಡ್ರಿ!" ಆಕೆಯ ತೋಳಿನ ರೋಮ ಎದ್ದು ನಿಂತಿತ್ತು. ನಾಚಿಕೆಗೆಟ್ಟವನು ನಾನು, ಖುಷಿಯಾಯಿತು. ಜೀವನದಲ್ಲಿ ಮೊದಲ ಸಲ ಒಬ್ಬರ ಮೈ ಜುಮ್ಮೆನ್ನಿಸಿದ್ದೆ. ಅವತ್ತೇ ಹನ್ನೆರಡು ಪುಟ ಬರೆದೆ.

ಆಮೇಲೆ ಅದೇ ಚಾಳಿಯಾಯಿತು. ಮುಂದಿನ ವಾರ ನೀರಿನ ಲೋಟ ಅರ್ಧ ಖಾಲಿ ಮಾಡಿದೆ. ಅದರ ಮುಂದಿನ ವಾರ, ಫೋಟೋ ಪಕ್ಕ ಮಡಚಿಟ್ಟಿದ್ದ ಗಂಡನ ಕನ್ನಡಕ ಬಿಡಿಸಿಟ್ಟೆ. ಪುಟಗಳು ತಾವಾಗಿ ಬರುತ್ತಿದ್ದವು. ಆಕೆ ಸೋಮವಾರಕ್ಕೊಂದು ಹೊಸ ಸೀರೆ ಉಡತೊಡಗಿದರು, ತಾವು ಊಟ ಮಾಡುವುದನ್ನು ಕಡಿಮೆ ಮಾಡಿದರು. ನಾನು ಅದನ್ನೂ ಬರೆದುಕೊಂಡೆ.

ಕೊನೆಯ ಅಧ್ಯಾಯವೊಂದು ಉಳಿದಿತ್ತು. ಆ ಸೋಮವಾರ ಹೋಳಿಗೆ ಮುರಿದು ಬಾಯಿಗಿಟ್ಟೆ. ಮುಚ್ಚಿದ ಬಾಗಿಲಾಚೆಯಿಂದ, ಹಲಗೆಗೆ ಮುಖ ಒತ್ತಿಕೊಂಡಷ್ಟು ಹತ್ತಿರದಿಂದ, ಆಕೆಯ ದನಿ ಕೇಳಿಸಿತು.

"ಒಬ್ಬಳಿಗೇ ಬ್ಯಾಸರ ಆಗೈತ್ರಿ. ನಾನೂ ನಿಮ್ ಹಿಂದೆ ಬಂದುಬಿಡ್ಲೇನು? ಬಾ ಅನ್ನಂಗಿದ್ರೆ ಹೋಳಿಗೆ ತಿನ್ರಿ. ಬ್ಯಾಡ ಅಂದ್ರೆ ಮುಟ್ಟಬ್ಯಾಡ್ರಿ."

ಹೋಳಿಗೆ ಆಗಲೇ ಬಾಯಲ್ಲಿ ಕರಗಿತ್ತು.

ಸದ್ದಿಲ್ಲದೆ ನನ್ನ ಕೋಣೆ ಸೇರಿಕೊಳ್ಳಬಹುದಿತ್ತು. ಹೋಗಿ ಆಕೆಯ ಕಡೆಯ ಬಾಗಿಲು ತೆರೆದೆ. ಆಕೆ ನನ್ನ ತುಟಿಗೆ ಮೆತ್ತಿದ್ದ ಹೂರಣವನ್ನೇ ನೋಡಿದರು.

"ಎಲ್ಲಾ ಸೋಮವಾರನೂ ನೀವಾ?"

ಹೌದು ಅಂದೆ. ಆಕೆ ಹೊಸ್ತಿಲ ಮೇಲೆ ಕುಸಿದು ಕೂತು, ಗಂಡ ಅವತ್ತೇ ಸತ್ತ ಹಾಗೆ ಅತ್ತರು. ಕೊನೆಯ ಅಧ್ಯಾಯ ಇವತ್ತಿಗೂ ಬರೆದಿಲ್ಲ.