ಅಕ್ಕನ ಮನೆಯ ಚಾನೆಲ್‌ಗಳು

ನಮ್ಮವರಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಹೋಟೆಲಿನ ಲಾಂಡ್ರಿಯಲ್ಲಿ ಇಡೀ ದಿನ ನಿಂತೇ ಇಸ್ತ್ರಿ ಮಾಡುತ್ತಾರೆ. ಮೊದಲು ಕಾಲರ್, ಆಮೇಲೆ ತೋಳು, ಕೊನೆಗೆ ಬೆನ್ನು. ಮನೆಗೆ ಬಂದ ಮೇಲಾದರೂ ಕಾಲಿಗೆ ವಿಶ್ರಾಂತಿ ಉಂಟೇ? ಅದೂ ಇಲ್ಲ. ಕೈಯಲ್ಲಿ ರಿಮೋಟ್ ಹಿಡಿದು, ಮಂಚಕ್ಕೂ ಬಾಲ್ಕನಿಗೂ ನಡುವೆ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಲೇ ಟಿವಿ ನೋಡುತ್ತಾರೆ. ಜೊತೆ ಕೆಲಸದವರು ‘ರಿಮೋಟ್ ರಾಯರು’ ಎಂದು ಹೆಸರಿಟ್ಟಿದ್ದಾರೆ. ನಾನೂ ಅದೇ ಲಾಂಡ್ರಿಯಲ್ಲಿ ಗುಂಡಿ ಹೊಲಿಯುವವಳು. ಹಾಗಾಗಿ ಈ ಗ್ರಹಚಾರವನ್ನು ಎರಡೂ ಕಡೆ ನೋಡುವ ಭಾಗ್ಯ ನನ್ನದು.

ಈ ದೇಶಕ್ಕೆ ಬರುವಾಗ ಉಳಿದವರೆಲ್ಲ ಪೆಟ್ಟಿಗೆಯಲ್ಲಿ ಬಟ್ಟೆಬರೆ ತಂದರೆ, ಇವರು ಊರಿನ ಟಿವಿ ಬಾಕ್ಸನ್ನು ಕಂಬಳಿಯಲ್ಲಿ ಸುತ್ತಿ ತಂದರು. ಕನೆಕ್ಷನ್ ಇವರ ಅಕ್ಕನ ಹೆಸರಿನಲ್ಲಿದೆ. ಅಕ್ಕನ ಮನೆಯಲ್ಲಿ ಒಂದು ಬಾಕ್ಸ್, ನಮ್ಮಲ್ಲಿ ಒಂದು. ಕಂಪನಿಯವರ ಲೆಕ್ಕದಲ್ಲಿ ನಮ್ಮದು ಅಕ್ಕನ ಮನೆಯ ಮಹಡಿ ಕೋಣೆಯಲ್ಲಿದೆ! ನಮ್ಮೂರಿನ ಉಪಗ್ರಹ ಇಲ್ಲಿಂದ ಆಕಾಶದ ಅಂಚಿನಲ್ಲೆಲ್ಲೋ ಸಿಗುತ್ತದಂತೆ, ಚಿಕ್ಕ ಡಿಶ್ ಸಾಲದಂತೆ. ಬಾಲ್ಕನಿಯ ಕಂಬಿಗೆ ತಂತಿ ಬಿಗಿದು ದೊಡ್ಡದೊಂದನ್ನು ಕಟ್ಟಿದ್ದಾರೆ. ಅದು ಬಂದ ಮೇಲೆ ನಮಗೆ ಬಟ್ಟೆ ಒಣಗಿಸಲು ಜಾಗವಿಲ್ಲ. ಜೋರಾಗಿ ಗಾಳಿ ಬೀಸಿದರೆ ವಾರ್ತೆ ಓದುವವಳ ಮುಖ ಚೂರುಚೂರಾಗುತ್ತದೆ, ಇವರು ಸ್ಪ್ಯಾನರ್ ಹಿಡಿದು ಹೊರಗೆ ಓಡುತ್ತಾರೆ.

ಅಕ್ಕನ ಜೊತೆ ಇವರಿಗೆ ಮಾತಿಲ್ಲ. ಅಕ್ಕನ ಮಗಳ ಮದುವೆಗೆ ಹೋಗಿದ್ದಾಗ ಊಟದ ಪಂಕ್ತಿಯಲ್ಲಿ ಕೂತು, “ಹುಡುಗನ ಮುಖದಲ್ಲಿ ಕಳೆಯೇ ಇಲ್ಲ, ಇವನ್ಯಾಕೆ ಬೇಕಿತ್ತು?” ಅಂದುಬಿಟ್ಟರು. ಎದುರು ಕೂತಿದ್ದವರು ಹುಡುಗನ ಅಪ್ಪ. ನಾಲಿಗೆಗೆ ಮೂಳೆಯಿಲ್ಲ ಅನ್ನುವುದು ಇಂಥವರಿಗೇ. ಅಕ್ಕ, ಅಂದರೆ ನನ್ನ ಅತ್ತಿಗೆ, ಎಲ್ಲರೆದುರಿಗೇ, “ಇನ್ನು ನನ್ನ ಮನೆ ಹೊಸಲು ತುಳೀಬೇಡ” ಅಂದರು. ಇವರು ಅದೇ ಕಾಲಲ್ಲಿ ಹೊರಟು ಬಂದರು. ಅಂದಿನಿಂದ ಫೋನಿಲ್ಲ, ಮೆಸೇಜಿಲ್ಲ. ಆದರೆ ಅತ್ತಿಗೆ ಮಾತು ನಿಲ್ಲಿಸಿದರೇ ಹೊರತು ರೀಚಾರ್ಜ್ ನಿಲ್ಲಿಸಲಿಲ್ಲ.

ಅಲ್ಲಿ ಯಾವ ಚಾನೆಲ್ ಹಾಕಿಸಿದರೂ ಇಲ್ಲಿಯೂ ಬರುತ್ತದೆ, ತೆಗೆಸಿದರೆ ಇಲ್ಲಿಯೂ ಹೋಗುತ್ತದೆ. ಹಾಗಾಗಿ ನಮ್ಮವರು ಟಿವಿ ನೋಡುವುದಲ್ಲ, ಅಕ್ಕನ ಮನೆಯನ್ನೇ ನೋಡುವುದು. ಭಜನೆಯ ಚಾನೆಲ್ ಬಂದ ದಿನ, “ಅಕ್ಕನಿಗೆ ಮಂಡಿನೋವು ಜಾಸ್ತಿಯಾಗಿರಬೇಕು ಕಣೇ, ದೇವಸ್ಥಾನಕ್ಕೆ ಹೋಗೋಕಾಗ್ತಿಲ್ಲ” ಎಂದು ಪೇಚಾಡಿದರು. ಫೋನ್ ಮಾಡಿ ಕೇಳಬಹುದಲ್ಲ? ಅಯ್ಯೋ, ಮಾನ ಹೋಗುತ್ತದಲ್ಲ!

ಹೀಗಿರುವಾಗ ಒಂದು ಸಂಜೆ ಮಕ್ಕಳ ಚಾನೆಲ್‌ಗಳು ಬಂದವು. ಒಂದಲ್ಲ, ಸಾಲಾಗಿ ಇದ್ದಬದ್ದವೆಲ್ಲ. ಬಣ್ಣಬಣ್ಣದ ಗೊಂಬೆಗಳು, ಮಾತಾಡುವ ಆನೆ, ಹಾಡುವ ಬಸ್ಸು. ಇವರು ನಡೆಯುತ್ತಿದ್ದವರು ನಿಂತೇಬಿಟ್ಟರು.

“ಮಗು ಆಗಿದೆ ಕಣೇ ಅಕ್ಕನ ಮಗಳಿಗೆ! ನನ್ನನ್ನ ಅಜ್ಜ ಮಾಡಿ ಕೂರಿಸಿದ್ದಾರೆ, ಒಂದು ಮಾತು ಹೇಳಿಲ್ಲ!”

“ಅವನ ಮುಖದಲ್ಲಿ ಕಳೆ ಇಲ್ಲ ಅಂದಿದ್ರಲ್ಲ, ಮಗು ಯಾರ ಹಾಗಿದೆಯೋ ನೋಡಿ ಬನ್ನಿ,” ಎಂದು ಕುಟುಕಿದೆ. ಕುಟುಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಹಾಡುಗಳು ನನಗೆ ಆಗುವುದಿಲ್ಲ. ಹೋದ ವರ್ಷ ನಾನು ಬಸುರಿಯಾಗಿದ್ದೆ. ಹೊಟ್ಟೆ ಕಾಣಿಸಿಕೊಳ್ಳುವ ಹೊತ್ತಿಗೆ ಮಗು ಹೋಯಿತು. ಊರಲ್ಲಿ ಯಾರಿಗೂ ಹೇಳಿರಲಿಲ್ಲ, ಹಾಗಾಗಿ ಕಳೆದುಕೊಂಡದ್ದನ್ನೂ ಹೇಳುವ ಪ್ರಮೇಯ ಬರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಇವರು ಆ ವಿಷಯಕ್ಕೆ ಬಾಯಿ ಹೊಲಿದುಕೊಂಡರು. ನನಗೆ ಇವರ ಮೇಲಿರುವ ಸಿಟ್ಟೆಲ್ಲ ಅದೇ.

ಆ ಸಂಜೆಯಿಂದ ಇವರ ಸ್ಥಿತಿ ಹೇಳತೀರದು. ಮಗು ಗಂಡೋ ಹೆಣ್ಣೋ, ಹೆಸರೇನೋ, ಅಕ್ಕನ ತೊಡೆಯ ಮೇಲೆ ಕೂತು ಈಗ ಯಾವುದನ್ನು ನೋಡುತ್ತಿದೆಯೋ ಎಂದು ತಾವೂ ಆ ಗೊಂಬೆಗಳನ್ನೇ ಹಾಕಿಕೊಂಡು ನಿಲ್ಲುವರು. ಮತ್ತೆ ಬಾಲ್ಕನಿ, ಮತ್ತೆ ಒಳಗೆ. ಫೋನ್ ಕೈಗೆತ್ತಿಕೊಳ್ಳುವರು, ಅಕ್ಕನ ನಂಬರ್ ತೆಗೆಯುವರು, ಇಟ್ಟುಬಿಡುವರು. “ಅವಳೇ ಹೇಳಲಿ. ಮಗು ಹುಟ್ಟಿದ್ದೂ ಹೇಳದಷ್ಟು ದೂರ ಮಾಡಿದ ಮೇಲೆ ನಾನ್ಯಾಕೆ ಹೋಗಿ ಕೇಳಲಿ?” ಅನ್ನುವರು. ಲಾಂಡ್ರಿಯಲ್ಲಿಯೂ ಮನಸ್ಸು ನೆಟ್ಟಗಿರಲಿಲ್ಲ. ಯಾರೋ ಗಿರಾಕಿಯ ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟವರು ಎತ್ತುವುದನ್ನೇ ಮರೆತರು. ಹೊಗೆ ಬಂತು. ಸೂಪರ್‌ವೈಸರ್ ಎಲ್ಲರೆದುರು ಆ ಅಂಗಿಯನ್ನು ಎತ್ತಿ ಹಿಡಿದಾಗ ತ್ರಿಕೋನದ ಕಂದು ಕಲೆ ಎದ್ದು ಕಾಣುತ್ತಿತ್ತು.

ನನಗೆ ಸಾಕಾಯಿತು. ರಜೆಯ ದಿನ ಮಧ್ಯಾಹ್ನ ಇವರ ಕೈಯಿಂದ ಫೋನ್ ಕಿತ್ತುಕೊಂಡು ನಾನೇ ಅತ್ತಿಗೆಯ ನಂಬರ್ ಒತ್ತಿದೆ, ಸ್ಪೀಕರ್ ಹಾಕಿ ಟೇಬಲ್ ಮೇಲಿಟ್ಟೆ. “ಬೇಡ ಕಣೇ, ಬೇಡ ಕಣೇ” ಅನ್ನುತ್ತಲೇ ಇವರು ಟಿವಿಯ ಸದ್ದು ಕಡಿಮೆ ಮಾಡಿದರು.

“ಹಲೋ,” ಅಂದರು ಅತ್ತಿಗೆ.

“ಅತ್ತಿಗೆ, ನಾನು. ಮಗು ಹೇಗಿದೆ?”

“ಯಾವ ಮಗು? ಅದನ್ನ ನಾನಲ್ವಾ ಕೇಳಬೇಕು? ನಿಮ್ಮ ಮಗು ಹೇಗಿದೆ, ಅದು ಹೇಳು ಮೊದಲು.”

ಇವರು ಗೋಡೆಗೆ ಒರಗಿ ನಿಂತರು.

“ಏನೋ, ಅಲ್ಲೇ ಇದ್ದೀಯ ತಾನೆ?” ಅತ್ತಿಗೆ ಇವರನ್ನು ತರಾಟೆಗೆ ತೆಗೆದುಕೊಂಡರು. “ನಿಮ್ಮ ಹೋಟೆಲಲ್ಲಿ ಅಡುಗೆ ಮಾಡ್ತಿದ್ದನಲ್ಲ ನಮ್ಮ ಬೀದಿಯವನು, ಕೆಲಸ ಬಿಟ್ಟು ಊರಿಗೆ ಬಂದಾಗ ಹೇಳಿದ, ನಿನ್ನ ಹೆಂಡ್ತಿ ಬಸುರಿ ಅಂತ. ಅವನಿಗೆ ಹೇಳಿದ್ದೀಯ, ಅಕ್ಕನಿಗೆ ಹೇಳೋಕೆ ನಿನಗೆ ಬಾಯಿಲ್ಲ! ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ. ಇಷ್ಟು ಹೊತ್ತಿಗೆ ಕೂರೋಕೆ ಕಲಿತಿರತ್ತೆ, ಟಿವಿ ಕಡೆ ನೋಡ್ತಿರತ್ತೆ ಅಂತ ಆ ಗೊಂಬೆ ಚಾನೆಲ್‌ಗಳನ್ನ ಹಾಕಿಸಿದೆ. ನಮ್ಮನೇಲಿ ಯಾರಿದ್ದಾರೆ ಅದನ್ನ ನೋಡೋಕೆ? ಪರದೇಶದಲ್ಲಿ ಬೆಳೆಯೋ ಮಗು, ನಮ್ಮ ಮಾತು ಒಂದಿಷ್ಟು ಕಿವಿಗೆ ಬೀಳಲಿ ಅಂತ ಹಾಕಿಸಿದ್ದು.”

ಟಿವಿಯಲ್ಲಿ ಆನೆ ಸದ್ದಿಲ್ಲದೆ ಬಾಯಿ ಆಡಿಸುತ್ತಿತ್ತು. ಇವರು ಬಂದು ಟೇಬಲ್ ಮುಂದೆ ಕುರ್ಚಿ ಎಳೆದು ಕೂತರು.

“ಅಕ್ಕಾ,” ಅಂದರು, “ಮಗು ಉಳೀಲಿಲ್ಲ ಅಕ್ಕಾ.”

ನನ್ನೆದುರಿಗೂ ಇವರು ಒಮ್ಮೆಯೂ ಆಡದ ಮಾತು ಅದು. ಆಡಿ, ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತರು. ನಾನು ಇವರ ತಲೆಯ ಮೇಲೆ ಕೈಯಿಟ್ಟೆ. ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ಆ ಕಡೆಯಿಂದ ಅತ್ತಿಗೆ ಮೂಗು ಸೇದುವುದು ಕೇಳುತ್ತಿತ್ತು. ಆಮೇಲೆ, “ಅಯ್ಯೋ ನನ್ನ ಕಂದಾ, ಒಬ್ಬಳೇ ನುಂಗಿಕೊಂಡು ಕೂತಿದ್ದೀಯೇನೇ?” ಎಂದು ನನ್ನನ್ನು ಕೇಳಿದರು. ನಾನು ಹೂಂ ಅಂದೆ.

“ನನಗೆ ಗೊತ್ತಿರಲಿಲ್ಲ ಕಣೇ. ಗೊತ್ತಿದ್ದರೆ ಹಾಕಿಸ್ತಿದ್ದೆನಾ? ಈಗಲೇ ಫೋನ್ ಮಾಡಿ ಆ ಚಾನೆಲ್‌ಗಳನ್ನೆಲ್ಲ ತೆಗೆಸಿಬಿಡ್ತೀನಿ.”

ಇವರು ತಲೆಯೆತ್ತಿ ನನ್ನ ಮುಖ ನೋಡಿದರು.

“ಬೇಡ ಅತ್ತಿಗೆ,” ಎಂದೆ. “ನಮ್ಮ ಮಗುಗೆ ಅಂತ ಯಾರಾದರೂ ಏನಾದರೂ ಕೊಟ್ಟಿದ್ದು ಅದೊಂದೇ. ಇರಲಿ.”